ಚಿಂತೆಯೂ ಹೃದಯವೂ



ಗೀತೆಯ ಮೊದಲ ಅಧ್ಯಾಯವನ್ನು ಕೇವಲ ಪೀಠಿಕೆಯೆಂದು ಬೇಗನೆ ದಾಟಿಬಿಡುವ ಅಭ್ಯಾಸ ನಮ್ಮಲ್ಲಿ ಹಲವರಿಗಿದೆ. ಆದರೆ ಅಲ್ಲಿ ಅರ್ಜುನನು ತನ್ನ ದೇಹದ ಅವಸ್ಥೆಯನ್ನು ಎಷ್ಟು ವಿವರವಾಗಿ ಹೇಳಿಕೊಳ್ಳುತ್ತಾನೆಂಬುದನ್ನು ಗಮನಿಸಬೇಕು. ಬಾಯಿ ಒಣಗಿತು, ಮೈ ನಡುಗಿತು, ರೋಮಗಳು ನಿಮಿರಿದವು, ಚರ್ಮ ಉರಿಯಿತು, ಗಾಂಡೀವವು ಕೈಜಾರಿತು. ಇನ್ನೂ ಒಂದು ಬಾಣವೂ ತಗುಲಿರಲಿಲ್ಲ! ಇಂದಿನ ವೈದ್ಯರು ಈ ಲಕ್ಷಣಗಳನ್ನು ಕೇಳಿದರೆ ಅಡ್ರಿನಲಿನ್ ಎಂಬ ರಸದ ಹೆಸರು ಹೇಳುವರು. ಮನಸ್ಸು ಅಪಾಯವನ್ನು ಕಂಡೊಡನೆ ಅದು ರಕ್ತವನ್ನು ಸೇರಿ ನಾಡಿಯನ್ನು ಓಡಿಸುತ್ತದೆ, ರಕ್ತದೊತ್ತಡವನ್ನು ಏರಿಸುತ್ತದೆ. ಒಂದು ಗಳಿಗೆಗಾದರೆ ಅದು ರಕ್ಷಣೆ. ವರ್ಷಗಟ್ಟಲೆ ನಡೆದರೆ ರಕ್ತನಾಳಗಳಿಗೆ ಹಾನಿ. 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನವು ಹೃದಯಾಘಾತಕ್ಕೆ ಸಂಬಂಧಿಸಿದ ಒಂಬತ್ತು ಅಂಶಗಳಲ್ಲಿ, ಧೂಮಪಾನ, ಮಧುಮೇಹಗಳ ಜೊತೆಗೆ, ಮಾನಸಿಕ ಒತ್ತಡವನ್ನೂ ಎಣಿಸಿತು.

ಊರು ಬಿಟ್ಟು ಬಂದ ನಮಗೆ ಈ ಒತ್ತಡದ ಪರಿಚಯ ಬೇಕಿಲ್ಲ. ಬೆಳಗಿನ ಲೋಕಲ್ ಗಾಡಿ, ಮನೆಸಾಲದ ಕಂತು, ರಾಯಚೂರಿನಲ್ಲೋ ಉಡುಪಿಯಲ್ಲೋ ಒಂಟಿಯಾಗಿರುವ ವೃದ್ಧ ತಾಯಿ. ರೈಲ್ವೆಯ ಕಂಟ್ರೋಲ್ ಕಚೇರಿಯಲ್ಲಿದ್ದಾಗ ಗಾಡಿ ತಡವಾದರೆ ನಮ್ಮದೇ ತಪ್ಪೆಂದೂ, ಸಮಯಕ್ಕೆ ಬಂದರೆ ನಮ್ಮದೇ ಜಾಣ್ಮೆಯೆಂದೂ ಎಣಿಸುತ್ತ ರಾತ್ರಿಗಳನ್ನು ಕಳೆದೆವು. ಸ್ವತಂತ್ರ ಕರ್ತೃವು ಹರಿಯೊಬ್ಬನೇ, ಜೀವರ ಕರ್ತೃತ್ವವು ಅವನಿಗೆ ಅಧೀನವೆಂದು ಶ್ರೀಮದಾಚಾರ್ಯರು ಉಪದೇಶಿಸಿದ್ದು ನಮ್ಮಂಥವರಿಗಾಗಿಯೇ ಇರಬೇಕು. ಶ್ರೀಕೃಷ್ಣನು ಅರ್ಜುನನಿಗೆ ಯುದ್ಧವನ್ನು ತಪ್ಪಿಸಲಿಲ್ಲ. ಫಲದ ಹೊರೆಯನ್ನು ಮಾತ್ರ ಇಳಿಸಿದನು.

ಈ ತತ್ತ್ವವನ್ನೂ ತಪ್ಪಾಗಿ ಬಳಸಬಹುದೆಂಬುದು ನಮಗೆ ನಿವೃತ್ತಿಯ ಬಳಿಕ ತಿಳಿಯಿತು. ಒಂದು ಏಕಾದಶಿಯ ಮುಂಜಾನೆ ಎದೆ ಬಿಗಿಯಿತು, ಎಡದೋಳು ಜಗ್ಗಿತು, ಮೈ ಬೆವರಿತು. ವಾಯುವೆಂದುಕೊಂಡೆವು. ಹರಿಯೇ ನೋಡಿಕೊಳ್ಳುವನೆಂದು ಜಪಕ್ಕೆ ಕುಳಿತೆವು. ಮನೆಯವರು ಎರಡು ಬಾರಿ ಹೇಳಿದರೂ ಏಳಲಿಲ್ಲ. ಆಸ್ಪತ್ರೆ ಸೇರುವಾಗ ನಾಲ್ಕು ಗಂಟೆ ಕಳೆದಿತ್ತು. ಅಷ್ಟರಲ್ಲಿ ಹೃದಯದ ಸ್ನಾಯುವಿನ ಒಂದು ಭಾಗ ಸತ್ತಿತ್ತು. ಅದು ಶರಣಾಗತಿಯಾಗಿರಲಿಲ್ಲ, ಹಟವಾಗಿತ್ತು. ಎಲ್ಲ ಪ್ರಾಣಿಗಳ ಹೃದಯದಲ್ಲಿಯೂ ಈಶ್ವರನಿರುವನೆಂದು ಹದಿನೆಂಟನೆಯ ಅಧ್ಯಾಯದ ಪಾಠ ಹೇಳುತ್ತಿದ್ದ ನಾವು, ಆತನ ಮನೆಗೇ ಬೆಂಕಿ ಬಿದ್ದಾಗ ಕಣ್ಣುಮುಚ್ಚಿ ಕುಳಿತಿದ್ದೆವು.

ಏಕಾದಶಿಯಂದು ರಕ್ತದೊತ್ತಡದ ಗುಳಿಗೆಯನ್ನು ಬಿಡುವ ಹಿರಿಯರು ನಮ್ಮಲ್ಲಿದ್ದಾರೆ. ವ್ರತಕ್ಕೆ ಭಂಗ ತಾರದ ಎಂಟರಲ್ಲಿ ಔಷಧವೂ ಒಂದೆಂಬ ಸ್ಮೃತಿವಚನವನ್ನು ಅವರು ನೆನೆಯಬೇಕು. ನಿರ್ಜಲ ಉಪವಾಸಕ್ಕೆ ಮೊದಲು ವೈದ್ಯರನ್ನೂ ಕೇಳಬೇಕು. ನಾವು ಈಗಲೂ ಮುಂಜಾನೆ ಜಪಕ್ಕೆ ಕುಳಿತುಕೊಳ್ಳುತ್ತೇವೆ. ಎದುರಿನ ಗೋಡೆಯ ಮೇಲೆ, ದೇವರ ಪಟದ ಪಕ್ಕದಲ್ಲಿ, ಮನೆಯವರು ಆಂಬುಲೆನ್ಸಿನ ನಂಬರನ್ನು ದಪ್ಪಕ್ಷರಗಳಲ್ಲಿ ಬರೆದು ಅಂಟಿಸಿದ್ದಾರೆ.

ಶ್ರೀಕೃಷ್ಣಾರ್ಪಣಮಸ್ತು.