ಆ ಅತ್ತೆ ಕೆಟ್ಟವಳಾ?

‘ಗ್ರೇವ್ ಆಫ್ ದ ಫೈರ್‌ಫ್ಲೈಸ್’ ಸಿನಿಮಾ ಯಾರಿಗೇ ತೋರಿಸಿ, ಕಣ್ಣೊರೆಸಿಕೊಂಡ ಮೇಲೆ ಅವರು ಮೊದಲು ಬೈಯೋದು ಬಾಂಬ್ ಹಾಕಿದವರನ್ನಲ್ಲ, ಆ ಅತ್ತೆಯನ್ನು. ನಾನೂ ಬೈದಿದ್ದೆ. ಹಾಸ್ಟೆಲ್ಲಿನಲ್ಲಿ ಐದು ಜನ ಒಂದೇ ಲ್ಯಾಪ್‌ಟಾಪ್ ಮುಂದೆ ಕೂತು ನೋಡಿದ್ವಿ. ಮುಗಿದಾಗ ಲೈಟ್ ಹಾಕೋಕೆ ಯಾರೂ ಏಳಲಿಲ್ಲ.

ನೋಡದವರಿಗೆ ಎರಡು ಮಾತು. 1945, ಜಪಾನಿನ ಕೋಬೆ ನಗರ. ಬಾಂಬ್ ದಾಳಿಯಲ್ಲಿ ಮನೆ, ತಾಯಿ ಎರಡನ್ನೂ ಕಳೆದುಕೊಂಡ ಹದಿನಾಲ್ಕರ ಹುಡುಗ ಸೇತಾ, ನಾಲ್ಕು ವರ್ಷದ ತಂಗಿ ಸೆತ್ಸುಕೊಳನ್ನು ಕರೆದುಕೊಂಡು ದೂರದ ಸಂಬಂಧದ ಅತ್ತೆ ಮನೆಗೆ ಬರ್ತಾನೆ. ಅಪ್ಪ ನೌಕಾಪಡೆಯಲ್ಲಿ, ಎಲ್ಲಿದ್ದಾನೋ ಗೊತ್ತಿಲ್ಲ. ಮೊದಮೊದಲು ಎಲ್ಲ ಸರಿಯಿರುತ್ತೆ. ಆಮೇಲೆ ಅಕ್ಕಿಯ ಲೆಕ್ಕ ಶುರುವಾಗುತ್ತೆ. ಸತ್ತ ತಾಯಿಯ ಕಿಮೋನೊಗಳು ಅಕ್ಕಿಯಾಗುತ್ತವೆ. ಆ ಅಕ್ಕಿಯಲ್ಲೂ ದುಡಿಯೋ ಮಗಳಿಗೆ, ಮನೆಯಲ್ಲಿರೋ ಬಾಡಿಗೆಯವನಿಗೆ ಗಟ್ಟಿ ಅನ್ನ. ಈ ಇಬ್ಬರಿಗೆ ತಿಳಿಗಂಜಿ.

ಹತ್ತು ವರ್ಷದ ಮೇಲೆ ಮತ್ತೆ ನೋಡಿದಾಗ ಮೊದಲು ಕಾಣದೇ ಇದ್ದದ್ದು ಕಂಡಿತು. ಹುಡುಗ ಏನೂ ಮಾಡೋದಿಲ್ಲ. ಕೆಲಸವಿಲ್ಲ, ಶಾಲೆಯಿಲ್ಲ, ಮನೆಯಲ್ಲಿ ಬಿದ್ದುಕೊಂಡು ಪುಸ್ತಕ ಓದ್ತಿರ್ತಾನೆ. ಬ್ಯಾಂಕಿನಲ್ಲಿ ತಾಯಿ ಇಟ್ಟ ಏಳು ಸಾವಿರ ಯೆನ್ ಇದೆ. ಅತ್ತೆ ಮಾತಿನಲ್ಲಿ ಚುಚ್ಚುತ್ತಾಳೆ ನಿಜ, ಕತ್ತು ಹಿಡಿದು ಆಚೆ ಹಾಕೋದಿಲ್ಲ. ಇವನೇ ತಂಗಿಯನ್ನು ಕರೆದುಕೊಂಡು ಕೆರೆ ದಂಡೆಯ ಪಾಳುಬಿದ್ದ ಬಾಂಬ್ ಶೆಲ್ಟರಿಗೆ ಹೊರಡ್ತಾನೆ. ವಾಪಸ್ ಹೋಗಿ ತಪ್ಪಾಯ್ತು ಅನ್ನು ಅಂತ ಒಬ್ಬ ರೈತ ಬುದ್ಧಿ ಹೇಳಿದರೂ ಹೋಗೋದಿಲ್ಲ. ಅಭಿಮಾನ.

ನಿರ್ದೇಶಕ ಇಸಾವೊ ತಕಹಾತಾ ಇದು ಯುದ್ಧವಿರೋಧಿ ಸಿನಿಮಾ ಅಲ್ಲ ಅಂತ ಮತ್ತೆ ಮತ್ತೆ ಹೇಳುತ್ತಿದ್ದರು. ಒಂಬತ್ತನೇ ವಯಸ್ಸಿನಲ್ಲಿ ಒಕಯಾಮಾ ನಗರದ ಬಾಂಬ್ ದಾಳಿಯಲ್ಲಿ ಓಡಿ ಬದುಕಿದವರ ಮಾತು ಅದು. (1988ರಲ್ಲಿ ಇದನ್ನು ‘ಮೈ ನೇಬರ್ ಟೊಟೊರೊ’ ಜೊತೆ ಒಂದೇ ಟಿಕೆಟ್ಟಿಗೆ ತೋರಿಸಿದರು. ಯಾವ ಪುಣ್ಯಾತ್ಮನ ಐಡಿಯಾನೋ!) ಮೂಲ ಕತೆ ಅಕಿಯುಕಿ ನೋಸಾಕಾ ಅವರದು, 1967ರದ್ದು. ಅವರ ಪುಟ್ಟ ತಂಗಿಯೂ 1945ರಲ್ಲಿ ಹಸಿವಿನಿಂದಲೇ ಸತ್ತಳು. ಅವಳ ಪಾಲಿನದ್ದನ್ನೂ ತಾನು ತಿಂದೆ ಅನ್ನೋ ಕೊರಗು ಅವರಿಗಿತ್ತು. ಕತೆಯಲ್ಲಿ ಅಣ್ಣನನ್ನು ತನಗಿಂತ ಒಳ್ಳೆಯವನನ್ನಾಗಿ ಮಾಡಿದರು, ಕೊನೆಗೆ ಅವನನ್ನೂ ಸಾಯಿಸಿದರು. ಅವರಿಗೆ ಕ್ಷಮಿಸಲಾಗದೇ ಇದ್ದದ್ದು ಅತ್ತೆಯನ್ನಲ್ಲ.

ಹಾಗಾದ್ರೆ ಅತ್ತೆಯ ಲೆಕ್ಕ ಸರಿಯೇ? ಸರಿಯೇ ಅಂತ ಒಂದಷ್ಟು ದಿನ ವಾದ ಮಾಡಿದ್ದೆ. ದುಡಿಯೋರಿಗೆ ಹೆಚ್ಚು, ಕೂತವರಿಗೆ ಕಮ್ಮಿ, ಅದರಲ್ಲೇನು ಅನ್ಯಾಯ? ಆಫೀಸಿನ ಅಪ್ರೈಸಲ್ಲೂ ಹಾಗೇ ಅಲ್ವಾ? ಆಮೇಲೆ ಚಿಕ್ಕಪ್ಪನ ಮಗ ಕೆಲಸ ಹುಡುಕ್ಕೊಂಡು ನನ್ನ ಬಾಡಿಗೆ ಮನೆಗೆ ಬಂದ. ಮೊದಲ ತಿಂಗಳು ಇಬ್ಬರೂ ಖುಷಿಯಾಗಿದ್ವಿ. ಮೂರನೇ ತಿಂಗಳಿಗೆ ನಾನು ಹಾಲಿನ ಪ್ಯಾಕೆಟ್ ಎಣಿಸ್ತಿದ್ದೆ. ಒಂದು ರಾತ್ರಿ ತಟ್ಟೆಗೆ ಅನ್ನ ಬಡಿಸ್ತಾ, “ಇವತ್ತಾದ್ರೂ ಎಲ್ಲಿಗಾದ್ರೂ ಅಪ್ಲೈ ಮಾಡಿದ್ಯೇನೋ?” ಅಂದೆ. ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಬಡಿಸ್ತಾ ಕೇಳಿದೆ, ಅಷ್ಟೇ. ಅವನು ತಲೆ ತಗ್ಗಿಸಿ ಊಟ ಮುಗಿಸಿದ. ಭಾನುವಾರ ಪಿಜಿಗೆ ಹೋದ.

ಅವನು ದೊಡ್ಡವನು, ಹೇಗೋ ದಾರಿ ಮಾಡಿಕೊಂಡ. ಸಿನಿಮಾದಲ್ಲಿ ಜಗಳ ಅತ್ತೆಗೂ ಹದಿನಾಲ್ಕರ ಹುಡುಗನಿಗೂ. ಅವಳಿಗೆ ಅವಳ ನ್ಯಾಯ, ಅವನಿಗೆ ಅವನ ಮರ್ಯಾದೆ. ಇಬ್ಬರೂ ಒಂದಿಂಚು ಬಿಟ್ಟುಕೊಡಲಿಲ್ಲ, ಸತ್ತಿದ್ದು ನಾಲ್ಕು ವರ್ಷದ್ದು. ಆ ಮಗು ಯಾವ ಲೆಕ್ಕದಲ್ಲೂ ಬರೋದಿಲ್ಲ; ದುಡಿಯೋ ವಯಸ್ಸಲ್ಲ, ಸೋಮಾರಿಯೂ ಅಲ್ಲ. ಹುಡುಗ ಹೊರಟಾಗ ‘ನೀನು ಹೋಗು, ಅವಳನ್ನು ಬಿಟ್ಟು ಹೋಗು’ ಅಂತ ಅತ್ತೆ ಹೇಳಬಹುದಿತ್ತು. ಹೇಳೋದಿಲ್ಲ. ಅದೊಂದನ್ನು ಮಾತ್ರ ಅವಳ ಪರ ನಿಂತು ವಾದ ಮಾಡೋಕೆ ನನಗಾಗಲ್ಲ. ಆದ್ರೆ ಹದಿನಾಲ್ಕರ ಹುಡುಗನಿಗೆ ವಿವೇಕ ಎಲ್ಲಿ ಹೋಗಿತ್ತು ಅಂತ ಕೇಳೋಕೂ ಆಗಲ್ಲ.

ಮೊನ್ನೆ ಚಿಕ್ಕಪ್ಪನ ಮಗ ಈ ಸಿನಿಮಾ ನೋಡಿ ಮೆಸೇಜ್ ಮಾಡಿದ್ದ: “ಅಣ್ಣಾ, ತಪ್ಪೆಲ್ಲ ಆ ಹುಡುಗಂದೇ.” ಎರಡು ಸಲ ಟೈಪ್ ಮಾಡಿ ಅಳಿಸಿದೆ. ಇನ್ನೂ ಉತ್ತರ ಕೊಟ್ಟಿಲ್ಲ.