ಮರ ಮೊದಲು, ಗುಲಾಬಿ ಆಮೇಲೆ

ಹಬ್ಬಿ ಬೆಳೆಯುವ ಗುಲಾಬಿಯನ್ನು ಮರದೊಳಗೆ ಬಿಟ್ಟು ನೋಡುವುದು ಇಂಗ್ಲೆಂಡಿನ ತೋಟಗಾರರ ಹಳೆಯ ಆಸೆ. ಬಳ್ಳಿಗಳನ್ನು ಗೋಡೆಗೆ ಬಿಗಿದು ಕಟ್ಟಬೇಡಿ, ಮರ ಬೇಲಿಗಳ ಮೇಲೆ ಅವುಗಳ ಪಾಡಿಗೆ ಬಿಡಿ ಎಂದು ವಿಲಿಯಂ ರಾಬಿನ್ಸನ್ 1870ರಲ್ಲೇ ‘ದಿ ವೈಲ್ಡ್ ಗಾರ್ಡನ್’ ಪುಸ್ತಕದಲ್ಲಿ ವಾದಿಸಿದ್ದರು. 1930ರಲ್ಲಿ ಸಿಸಿಂಗ್‌ಹರ್ಸ್ಟ್ ಎಸ್ಟೇಟ್ ಕೊಂಡ ಲೇಖಕಿ ವೀಟಾ ಸ್ಯಾಕ್‌ವಿಲ್-ವೆಸ್ಟ್ ಅಲ್ಲಿನ ಹಳೆಯ ಸೇಬಿನ ಮರಗಳಿಗೆ ಗುಲಾಬಿ ಹತ್ತಿಸಿದರು. ಜೂನ್ ಬಂತೆಂದರೆ ಈಗಲೂ ಈ ದೇಶದ ಹಳ್ಳಿಗಳಲ್ಲಿ, ಯಾವುದೋ ಮನೆಯ ಹಿತ್ತಿಲಲ್ಲಿ, ಹೂ ಬಿಡುವ ಕಾಲ ಮುಗಿದ ಮರವೊಂದು ಮತ್ತೆ ಬೆಳ್ಳಗೆ ಅರಳಿ ನಿಂತಿರುತ್ತದೆ. ದಾರಿಯಲ್ಲಿ ಹೋಗುವವರು ನಿಂತು ನೋಡುತ್ತಾರೆ. ಇಲ್ಲಿ ಬಂದು ನೆಲೆಸಿದ ನನಗೂ ಆ ಆಸೆ ಅಂಟಿತು. ನಮ್ಮ ಹಿತ್ತಿಲಲ್ಲಿಯೂ ಒಂದು ವಯಸ್ಸಾದ ಸೇಬಿನ ಮರವಿದೆ.

ಯಾವ ಗುಲಾಬಿ? ಪಟ್ಟಿ ಹಿಡಿದು ಕೂತರೆ ಒಂದಕ್ಕಿಂತ ಒಂದು ಚೆಲುವು. ‘ವೆಡ್ಡಿಂಗ್ ಡೇ’ಯ ಮೊಗ್ಗು ಹಳದಿ, ಅರಳಿದರೆ ಬಿಳಿ, ಮಳೆ ಬಿದ್ದರೆ ಎಸಳ ಮೇಲೆ ಗುಲಾಬಿ ಚುಕ್ಕೆ. ‘ಪಾಲ್ಸ್ ಹಿಮಾಲಯನ್ ಮಸ್ಕ್’ ನಸುಗೆಂಪು ಗೊಂಚಲುಗಳನ್ನು ಇಳಿಬಿಟ್ಟು ಕಸ್ತೂರಿಯ ಕಂಪು ಸೂಸುತ್ತದೆ. ‘ಬಾಬಿ ಜೇಮ್ಸ್’ ಒಂಬತ್ತು ಹತ್ತು ಮೀಟರ್ ಏರುತ್ತದೆ. ಹೂವಿನ ಚಿತ್ರ ನೋಡುತ್ತಾ ಹೋದರೆ ಆಯ್ಕೆ ಎಂದಿಗೂ ಮುಗಿಯುವುದಿಲ್ಲ. ಚಿತ್ರದಲ್ಲಿ ಮರವೇ ಇರುವುದಿಲ್ಲವಲ್ಲ!

ನಾನು ಮಲೆನಾಡಿನವಳು. ಬಳ್ಳಿಯೊಂದನ್ನು ಮರಕ್ಕೆ ಹಬ್ಬಿಸುವುದೆಂದರೆ ನನ್ನ ಕಣ್ಣಿಗೆ ಮೊದಲು ಬರುವುದು ಕಾಳುಮೆಣಸು. ಅಲ್ಲಿ ಬೆಳೆಗಾರ ಮೊದಲು ನೋಡುವುದು ಆಸರೆ ಮರವನ್ನು. ಅಡಿಕೆಯೋ, ಹಾಲುವಾಣವೋ, ಸಿಲ್ವರ್ ಓಕೋ, ತೊಗಟೆ ಒರಟಾಗಿದೆಯೋ, ನೆರಳು ಎಷ್ಟು ಎಂದು ಲೆಕ್ಕ ಹಾಕುತ್ತಾನೆ. ಮಳೆಗಾಲದ ಮುಂಚೆ ಹಾಲುವಾಣದ ಕೊಂಬೆ ಸವರಿ ಬಳ್ಳಿಗೆ ಬೆಳಕು ಬಿಡುತ್ತಾನೆ. ಪ್ರತಿ ವರ್ಷ ಏಣಿ ಹಾಕಿ ಹತ್ತುತ್ತಾನೆ, ಮೆಣಸು ಕೊಯ್ಯುತ್ತಾನೆ, ಹಬ್ಬು ಜಾರಿದ್ದರೆ ಎತ್ತಿ ಕಟ್ಟುತ್ತಾನೆ. ಬಳ್ಳಿಗೂ ಮರಕ್ಕೂ ನಡುವೆ ಮನುಷ್ಯ ಯಾವಾಗಲೂ ಇರುತ್ತಾನೆ.

ಗುಲಾಬಿಯ ವಿಷಯ ಹಾಗಲ್ಲ. ಮೆಣಸಿನ ಹಾಗೆ ಗೆಣ್ಣಿನಲ್ಲಿ ಬೇರು ಬಿಟ್ಟು ಕಾಂಡಕ್ಕೆ ಕಚ್ಚಿಕೊಳ್ಳುವ ಗುಣ ಅದಕ್ಕಿಲ್ಲ. ಅವರೆಯಂತೆ ಸುತ್ತುವುದಿಲ್ಲ, ಸೋರೆಯಂತೆ ಕುಡಿ ಚಾಚಿ ಹಿಡಿಯುವುದಿಲ್ಲ. ಉದ್ದನೆಯ ಚಿಗುರನ್ನು ಬೆಳಕಿನ ಕಡೆ ಎಸೆಯುತ್ತದೆ, ಅಷ್ಟೇ. ಹಿಂದಕ್ಕೆ ಬಾಗಿದ ಮುಳ್ಳು ಯಾವುದಾದರೂ ಕೊಂಬೆಗೆ ಸಿಕ್ಕಿಕೊಂಡು ಚಿಗುರು ಜಾರದಂತೆ ತಡೆಯುತ್ತದೆ. ಮುಂದಿನ ವರ್ಷ ಅಲ್ಲಿಂದ ಇನ್ನೊಂದು ಚಿಗುರು. ಮರದ ರಸವನ್ನು ಅದು ಹೀರುವುದಿಲ್ಲ. ಆದರೆ ಭಾರ ಹೇರುತ್ತದೆ, ಎಲೆಗಳ ಬೆಳಕು ಕಸಿಯುತ್ತದೆ. ಗೊಂಚಲುಗಳೆಲ್ಲ ಮಳೆಯಲ್ಲಿ ನೆನೆದ ದಿನ ಬಿರುಗಾಳಿ ಬೀಸಿದರೆ ಎರಡು ಗಿಡಗಳ ಎಲೆಗೆ ಹೊಡೆಯುವ ಗಾಳಿಯನ್ನು ಒಂದೇ ಕಾಂಡ ತಾಳಿಕೊಳ್ಳಬೇಕು. ಇಷ್ಟಾದ ಮೇಲೆ ಆ ಮುಳ್ಳುಗಳ ನಡುವೆ ಏಣಿ ಇಡುವವರಾರು? ಕೆಲವು ವರ್ಷ ಕಳೆದರೆ ಕತ್ತರಿ ಎಟುಕುವುದಿಲ್ಲ. ಕಳೆದ ವರ್ಷದ ಬಲಿತ ಕಡ್ಡಿಯಲ್ಲಿ ಹೂ ಬಿಡುವ ಜಾತಿಯಾದ್ದರಿಂದ ಹೂ ಮುಗಿದ ಮೇಲೆ ಸವರಬೇಕು ಎಂದು ಪುಸ್ತಕಗಳು ಹೇಳುತ್ತವೆ. ಮರದ ತುದಿಯಲ್ಲಿರುವುದನ್ನು ಯಾರೂ ಸವರುವುದಿಲ್ಲ.

ಬಹಳ ದಿನ ಯೋಚಿಸಿದ ಮೇಲೆ ನನಗೆ ಹೊಳೆದದ್ದು ಇದು. ತೋಟದ ಮಿಕ್ಕ ಗಿಡಗಳಿಗೆ ನಾವು ಮಾಡುವ ಆರೈಕೆ ನೆಟ್ಟ ಮೇಲೆ ಶುರುವಾಗುತ್ತದೆ. ಮರ ಹತ್ತುವ ಗುಲಾಬಿಗೆ ಮಾಡಬಹುದಾದ ಆರೈಕೆಯ ಬಹುಪಾಲು ನೆಡುವ ಮೊದಲೇ ಮುಗಿದಿರುತ್ತದೆ. ಈ ಮರಕ್ಕೆ ಈ ಗುಲಾಬಿ ಎಂದು ಗೊತ್ತುಮಾಡುವ ಆ ಗಳಿಗೆಯಲ್ಲಿ ಮಾತ್ರ ನಮ್ಮ ಮಾತು ನಡೆಯುತ್ತದೆ. ಮರಕ್ಕಂತೂ ಬೇಡ ಎನ್ನುವ ಬಾಯಿಲ್ಲ. ಅದರ ಪರವಾಗಿ ಯೋಚಿಸಬೇಕಾದವರು ನಾವೇ.

ಕಿಫ್ಟ್ಸ್‌ಗೇಟ್ ಕೋರ್ಟ್‌ನ ಕಥೆ ಇಲ್ಲಿ ನೆನೆಯಬೇಕು. ಗ್ಲಾಸ್ಟರ್‌ಶೈರಿನ ಆ ತೋಟದ ಒಡತಿ ಹೆದರ್ ಮ್ಯೂರ್ 1938ರಲ್ಲಿ ಒಂದು ನರ್ಸರಿಯಿಂದ ಕಸ್ತೂರಿ ಗುಲಾಬಿ ಎಂಬ ಹೆಸರಿನಲ್ಲಿ ಗಿಡವೊಂದನ್ನು ತರಿಸಿ ನೆಟ್ಟರು. ಅದು ಬೆಳೆಯಿತು, ಬೆಳೆಯುತ್ತಲೇ ಹೋಯಿತು. 1951ರಲ್ಲಿ ಗುಲಾಬಿ ತಜ್ಞ ಗ್ರಹಾಂ ಸ್ಟುವರ್ಟ್ ಥಾಮಸ್ ಅದನ್ನು ನೋಡಿ ಪಶ್ಚಿಮ ಚೀನಾ ಮೂಲದ ರೋಸಾ ಫಿಲಿಪೆಸ್‌ನ ವಿಶೇಷ ರೂಪವೆಂದು ಗುರುತಿಸಿ, ತೋಟದ ಹೆಸರನ್ನೇ ಇಟ್ಟರು. ತಾಮ್ರವರ್ಣದ ಬೀಚ್ ಮರವನ್ನೇರಿ ಸುಮಾರು 15 ಮೀಟರ್ ಮೇಲೆ ಹೋದ ಅದನ್ನು ಇಂಗ್ಲೆಂಡಿನ ಅತಿ ದೊಡ್ಡ ಗುಲಾಬಿ ಎನ್ನುತ್ತಾರೆ. ಇಂಥ ವೈಭವ ಬೇಡ ಎನ್ನುವ ಮನಸ್ಸು ಯಾರಿಗಿದ್ದೀತು? ಆದರೆ ಅದರ ಕೆಳಗೆ ನಿಂತಿರುವುದು ಬೀಚ್ ಎಂಬ ಮಹಾವೃಕ್ಷ. ಐದು ಮೀಟರ್ ಎತ್ತರದ ಸೇಬಿನ ಮರಕ್ಕೆ ಅದೇ ಗುಲಾಬಿಯನ್ನು ಹತ್ತಿಸಿದರೆ ಮರ ಮುಳುಗಿಹೋಗುತ್ತದೆ. ನರ್ಸರಿಗಳಲ್ಲಿ ‘ಕಿಫ್ಟ್ಸ್‌ಗೇಟ್’ ಎಂಬ ಚೀಟಿಯ ಪುಟ್ಟ ಗಿಡ ಕುಂಡದಲ್ಲಿ ವಿನಯದಿಂದ ಕೂತಿರುತ್ತದೆ. ಅದರ ಪಕ್ಕದಲ್ಲಿ ಬೀಚ್ ಮರದ ಚಿತ್ರವನ್ನೂ ಇಡಬೇಕು ಎಂದು ನನಗೆ ಅನ್ನಿಸುತ್ತದೆ.

ಗುಲಾಬಿಗೆ ಮರ ಹತ್ತುವುದನ್ನು ಇಂಗ್ಲಿಷರು ಕಲಿಸಲಿಲ್ಲ. ಹಿಮಾಲಯದ ತಪ್ಪಲಿನಲ್ಲಿ ರೋಸಾ ಬ್ರುನೋನಿ ಎಂಬ ಕಾಡು ಗುಲಾಬಿ ತಾನಾಗಿಯೇ ಮರಗಳ ಮೇಲೆ ಹಾಯುತ್ತದೆ. ನಮ್ಮ ಪಕ್ಕದ ನೀಲಗಿರಿ, ಪಳನಿ ಬೆಟ್ಟಗಳಲ್ಲಿ ರೋಸಾ ಲೆಶನಾಲ್ಟಿಯಾನ ಎಂಬ ಬಿಳಿ ಹೂವಿನ ಹಬ್ಬು ಗುಲಾಬಿ ಇದೆ. ಆದರೆ ಕಾಡಿನಲ್ಲಿ ಬಿದ್ದ ಮರದ ಜಾಗದಲ್ಲಿ ಇನ್ನೊಂದು ಏಳುತ್ತದೆ. ಹಿತ್ತಿಲಲ್ಲಿ ಇರುವುದು ಒಂದೇ ಮರ.

ಶಾಕುಂತಲದಲ್ಲಿ ವನಜ್ಯೋತ್ಸ್ನೆ ಎಂಬ ನವಮಾಲಿಕೆ ಮಾವಿನ ಮರವನ್ನು ತಾನೇ ವರಿಸಿಕೊಂಡ ವಧು. ಶಕುಂತಲೆ ಅದಕ್ಕೆ ನೀರೆರೆದವಳು ಮಾತ್ರ. ಕಣ್ವರಿಗೂ ಆ ಬಳ್ಳಿಗೆ ತಕ್ಕ ಆಸರೆ ಸಿಕ್ಕಿತೆಂಬ ನೆಮ್ಮದಿ. ಓದುವಾಗಲೆಲ್ಲ ನಾನು ಬಳ್ಳಿಯ ಕಡೆಯಿಂದಲೇ ಆ ಮಾತನ್ನು ಕೇಳಿದ್ದೆ. ಈಗ ಮರದ ಕಡೆಯಿಂದ ಕೇಳಿಸುತ್ತಿದೆ. ಆ ಮಾವು ತಾಳುವಷ್ಟೇ ಆ ಮಲ್ಲಿಗೆ ಬೆಳೆದಿತ್ತು, ಅದಕ್ಕೇ ಅಲ್ಲಿ ಮದುವೆಯ ಮಾತು ಒಪ್ಪುತ್ತದೆ.

ಒಣಗುತ್ತಿರುವ ಮರವನ್ನು ಮರೆಸಲು ಗುಲಾಬಿ ನೆಡುವವರಿದ್ದಾರೆ. ಅದು ನನಗೆ ಒಪ್ಪಿಗೆಯಿಲ್ಲ. ಬುಡ ಕೊಳೆತ ದಿನ ಎರಡೂ ಒಟ್ಟಿಗೆ ಬೀಳುತ್ತವೆ. ಅದಕ್ಕಿಂತ ಮುಖ್ಯವಾಗಿ, ಮುದಿ ಮರವನ್ನು ಮುಚ್ಚಿಡಬೇಕಾದ ಅಗತ್ಯವೇನು? ನಮ್ಮ ಸೇಬಿನ ಮರ ಇನ್ನೂ ಗಟ್ಟಿಯಾಗಿದೆ, ಹಣ್ಣು ಬಿಡುತ್ತದೆ. ಅದಕ್ಕೆ ಹೊರೆಯಾಗದ ಗುಲಾಬಿಯೇ ಬೇಕು.

ಕೊನೆಗೆ ಎರಡು ಉಳಿದವು. ‘ರ‍್ಯಾಂಬ್ಲಿಂಗ್ ರೆಕ್ಟರ್’ ಹೂ ಮುಗಿದ ಮೇಲೆ ಶರತ್ಕಾಲದಲ್ಲಿ ಪುಟ್ಟ ಕೆಂಪು ಕಾಯಿ ಬಿಟ್ಟು ಹಕ್ಕಿಗಳನ್ನು ಕರೆಯುತ್ತದೆ. ಆದರೆ ದಟ್ಟವಾಗಿ, ಮುಳ್ಳುಮುಳ್ಳಾಗಿ ಹೆಣೆದುಕೊಳ್ಳುತ್ತದೆ. ಇನ್ನೊಂದು ‘ಫೆಲಿಸಿಟೆ ಪರ್ಪೆಚ್ಯೂ’. ಫ್ರಾನ್ಸಿನಲ್ಲಿ ಓರ್ಲಿಯನ್ಸ್ ಡ್ಯೂಕ್‌ನ ತೋಟಗಾರ ಜಾಕ್ 1820ರ ದಶಕದ ಕೊನೆಯಲ್ಲಿ ಬೆಳೆಸಿದ ತಳಿ. ಐದಾರು ಮೀಟರ್‌ಗೆ ನಿಲ್ಲುತ್ತದೆ, ಕಡ್ಡಿ ತೆಳು, ಚಳಿಗಾಲದಲ್ಲೂ ಬಹುಪಾಲು ಎಲೆ ಉಳಿಸಿಕೊಳ್ಳುತ್ತದೆ. ನಸುಗೆಂಪು ಮೊಗ್ಗು ಅರಳಿದರೆ ಹಾಲುಬಿಳುಪಿನ ಪುಟ್ಟ ಚೆಂಡು. ಹೂವು ವರ್ಷಕ್ಕೆ ಒಂದೇ ಸಲ, ಕೆಲವೇ ವಾರ. ಅತಿಯಾಗಿ ಕತ್ತರಿಸಿದರೆ ಅದು ಹೂ ಬಿಡುವುದಿಲ್ಲ. ಕೈ ಎಟುಕದ ಕಡೆ ಬೆಳೆಯಬೇಕಾದ ಗಿಡಕ್ಕೆ ಇದಕ್ಕಿಂತ ಒಳ್ಳೆಯ ಗುಣ ಇನ್ನೇನಿದೆ?

ನಮ್ಮ ಮರಕ್ಕೆ ಫೆಲಿಸಿಟೆಯೇ ಸರಿ. ಚಳಿಗಾಲದಲ್ಲಿ ಬರಿಬೇರಿನ ಗಿಡ ತಂದು, ಬುಡದಿಂದ ಒಂದು ಮೀಟರ್‌ಗಿಂತ ಹೆಚ್ಚು ದೂರದಲ್ಲಿ, ಗಾಳಿ ಬೀಸಿಬರುವ ಕಡೆ ನೆಡಬೇಕು. ಆಗ ಚಿಗುರುಗಳನ್ನು ಗಾಳಿಯೇ ಕೊಂಬೆಗಳತ್ತ ತಳ್ಳುತ್ತದೆ. ಮರದ ಬೇರುಗಳ ಜೊತೆ ಪೈಪೋಟಿ ಇರುವುದರಿಂದ ಮೊದಲ ಎರಡು ಬೇಸಿಗೆ ಅದಕ್ಕೆ ಚೆನ್ನಾಗಿ ನೀರು ಹಾಕಬೇಕು.