ತಪ್ಪು ರಕ್ತದ್ದೋ, ಧೂಳಿನದ್ದೋ?

ಯಾರಿಗಾದರೂ ಕ್ಯಾನ್ಸರ್ ಬಂದಿತೆಂದು ತಿಳಿದರೆ ನಾವು ಆಡುವ ಮಾತು ಎರಡೇ: ‘ಅವರ ವಂಶದಲ್ಲೇ ಇದೆ’, ಇಲ್ಲವೇ ‘ಹಣೆಬರಹ’. ಈ ಮಾತಿನಿಂದ ಸಮಾಧಾನ ಸಿಗಬಹುದು. ಆದರೆ ಅದು ನ್ಯಾಯವೇ?

ಮೀಸೊಥೀಲಿಯೋಮ ಎಂಬ ಕ್ಯಾನ್ಸರನ್ನೇ ನೋಡಿ. ಹೆಚ್ಚಾಗಿ ಇದು ಶ್ವಾಸಕೋಶದ ಹೊದಿಕೆಗೆ ಬರುತ್ತದೆ. ಮುಖ್ಯ ಕಾರಣ ಕಲ್ನಾರು, ಅಂದರೆ ಆಸ್ಬೆಸ್ಟಾಸ್. ಅದರ ಸೂಕ್ಷ್ಮ ಎಳೆಗಳು ಉಸಿರಿನೊಂದಿಗೆ ಒಳಹೊಕ್ಕು ಅಲ್ಲೇ ಉಳಿಯುತ್ತವೆ. ರೋಗ ತಲೆದೋರುವುದು 20ರಿಂದ 40 ವರ್ಷಗಳ ನಂತರ, ಕೆಲವೊಮ್ಮೆ ಇನ್ನೂ ತಡವಾಗಿ. 1965ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಅಧ್ಯಯನದ ರೋಗಿಗಳಲ್ಲಿ ಕಲ್ನಾರಿನ ಕೆಲಸವನ್ನೇ ಮಾಡದ ಹೆಂಗಸರೂ ಇದ್ದರು. ಗಂಡನ ಧೂಳು ಹಿಡಿದ ಬಟ್ಟೆ ಒಗೆದದ್ದೇ ಅವರಿಗೆ ಮುಳುವಾಯಿತು.

ನಮ್ಮ ಜೀವಕೋಶಗಳಲ್ಲಿ ಗಡ್ಡೆ ಬೆಳೆಯದಂತೆ ತಡೆಯುವ ವಂಶವಾಹಿಗಳಿವೆ. ಬಂಡಿಗೆ ಬ್ರೇಕ್ ಇದ್ದಂತೆ. ಈ ರೋಗದಲ್ಲಿ ಬಿಎಪಿ1, ಎನ್‌ಎಫ್2, ಸಿಡಿಕೆಎನ್2ಎ ಎಂಬ ಬ್ರೇಕುಗಳು ಕೆಟ್ಟಿರುವುದು ಆಗಾಗ ಕಂಡುಬರುತ್ತದೆ. ಹೆಚ್ಚಿನವರಲ್ಲಿ ಇವು ಹುಟ್ಟಿದ ಮೇಲೆ ಕೆಟ್ಟವು. ಆದರೆ ಕೆಲವರಿಗೆ ಕೆಟ್ಟ ಬಿಎಪಿ1 ಹೆತ್ತವರಿಂದಲೇ ಬರುತ್ತದೆಂದು 2011ರಲ್ಲಿ ಅಮೆರಿಕದ ಎರಡು ಕುಟುಂಬಗಳ ಅಧ್ಯಯನ ತೋರಿಸಿತು. ಅಂಥವರಲ್ಲಿ ಕಲ್ನಾರಿನ ಸಂಪರ್ಕ ಅಷ್ಟಾಗಿ ಇಲ್ಲದವರಿಗೂ ರೋಗ ಬಂದದ್ದುಂಟು.

ಹಾಗಾದರೆ ತಪ್ಪು ರಕ್ತದ್ದೇ? ಕಣ್ಣು ಮಂಜಾದ ಅಜ್ಜಿ ನಡೆಯುವ ದಾರಿಯಲ್ಲಿ ಗುಂಡಿ ತೋಡಿ, ಬಿದ್ದ ಮೇಲೆ ‘ಆಕೆಗೆ ಕಣ್ಣು ಕಾಣದು’ ಎಂದರೆ ನಾವು ಒಪ್ಪುತ್ತೇವೆಯೇ? ದುರ್ಬಲರಿದ್ದಾರೆಂದು ತಿಳಿದ ಮೇಲೆ ನಮ್ಮ ಹೊಣೆ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗದು. ವಂಶವಾಹಿಯನ್ನು ಕೊಟ್ಟ ತಾಯಿ ಪಾಪ ಮಾಡಲಿಲ್ಲ. ಬಟ್ಟೆ ಒಗೆದ ಹೆಂಡತಿಯೂ ಮಾಡಲಿಲ್ಲ. ಅಪಾಯ ತಿಳಿದೂ ಧೂಳನ್ನು ತಡೆಯದವರು ಮಾತ್ರ ಉತ್ತರ ಕೊಡಬೇಕು.

ನಮ್ಮ ಸುಪ್ರೀಂ ಕೋರ್ಟ್ 1995ರಲ್ಲಿ ಕಾರ್ಮಿಕರ ಆರೋಗ್ಯವು ಮೂಲಭೂತ ಹಕ್ಕೆಂದು ಸಾರಿತು. ಕಲ್ನಾರು ಕಾರ್ಮಿಕರ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ, ಅಥವಾ ಬಿಟ್ಟ ಮೇಲೆ 15 ವರ್ಷ, ಯಾವುದು ತಡವೋ ಅಲ್ಲಿಯವರೆಗೆ ಇಡಬೇಕೆಂದಿತು. ರೋಗ ತಡವಾಗಿ ಬಂದರೂ ನ್ಯಾಯ ಅದನ್ನು ಮರೆಯಬಾರದಷ್ಟೇ.

ನಮ್ಮ ಹೊಣೆಯೂ ಇದೆ. ನಮ್ಮ ಎಷ್ಟೋ ಮನೆ, ಕೊಟ್ಟಿಗೆಗಳ ಮೇಲೆ ಕಲ್ನಾರು ಶೀಟುಗಳಿವೆ. ಅವನ್ನು ಕೊಯ್ಯಬೇಡಿ, ಕೊರೆಯಬೇಡಿ, ಒಡೆಯಬೇಡಿ. ಬಿದ್ದ ಚೂರನ್ನು ಒಣಗಿದ್ದಾಗ ಗುಡಿಸದೆ ನೀರು ಚಿಮುಕಿಸಿ ತೆಗೆಯಿರಿ. ಶೀಟು ಇಳಿಸಲು ಕೂಲಿಯಾಳನ್ನು ಕರೆದರೆ ಅಪಾಯವನ್ನು ಮೊದಲೇ ತಿಳಿಸಿ. ಅವನ ಬಟ್ಟೆ ಒಗೆಯುವ ಕೈಗಳೂ ಅವನ ಮನೆಯಲ್ಲಿವೆ.